ಗುಡ್ಡದ ನಲ್ಲಿ ಮತ್ತು ನೀರಿನ ಧರ್ಮ

ಬಾಯಾರಿದವರಿಗೆ ನೀರು ಕೊಡುವುದು ಧರ್ಮ ಎಂಬುದರಲ್ಲಿ ಕನ್ನಡ ನಾಡಿನಲ್ಲಿ ಎರಡು ಮಾತಿಲ್ಲ. ಕೆರೆ, ಬಾವಿ, ಅರವಟ್ಟಿಗೆಗಳನ್ನು ಶಾಸ್ತ್ರಗಳು ಪೂರ್ತಕರ್ಮವೆಂದು ಎಣಿಸಿವೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ 5ನೇ ಶತಮಾನದ ಸ್ತಂಭಶಾಸನ, ಕದಂಬ ಕಾಕುಸ್ಥವರ್ಮ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ದಾಖಲಿಸಿದೆ. ಕೆರೆ ಕಟ್ಟಿಸಿದರಷ್ಟೇ ಸಾಲದೆಂದು, ಅದರ ದುರಸ್ತಿಗಾಗಿ ಬಿತ್ತುವಟ್ಟವೆಂಬ ದತ್ತಿ ಬಿಡುವ ರೂಢಿಯೂ ಬಂತು. ಆದರೆ ಈ ಧರ್ಮಕ್ಕೆ ದೊಡ್ಡದೊಂದು ಕಳಂಕವಿತ್ತು: ಎಷ್ಟೋ ಬಾವಿಗಳ ಕಟ್ಟೆಯನ್ನು ದಲಿತರು ಹತ್ತುವಂತಿರಲಿಲ್ಲ.

ಕೊಳವೆ ಜಾತಿ ಕೇಳುವುದಿಲ್ಲ, ಎತ್ತರ ಕೇಳುತ್ತದೆ. ಶಿವಮೊಗ್ಗ ನಗರದಲ್ಲಿ ತುಂಗೆಯ ದಂಡೆಯ ತಗ್ಗಿನ ಬೀದಿಗಳೂ ಇವೆ, ರಾಗಿಗುಡ್ಡದಂಥ ಏರು ಜಾಗವೂ ಇದೆ. ತಗ್ಗಿನ ನಲ್ಲಿಗೆ ನೀರು ಸಲೀಸಾಗಿ ಬರುತ್ತದೆ. ಏರಿನ ನಲ್ಲಿಗೆ ಅದನ್ನು ಎತ್ತಿಕೊಡಬೇಕು. ಆ ಖರ್ಚು ಯಾರ ಪಾಲಿಗೆ ಬರಬೇಕು ಎಂಬುದು ಎಂಜಿನಿಯರರ ಪ್ರಶ್ನೆ ಎಷ್ಟೋ, ಧರ್ಮದ ಪ್ರಶ್ನೆಯೂ ಅಷ್ಟೇ.

ಲೆಕ್ಕ ಕಷ್ಟದ್ದಲ್ಲ. 15 ಲೀಟರ್ ಹಿಡಿಯುವ ಒಂದು ಕೊಡವನ್ನು 30 ಮೀಟರ್ ಮೇಲೇರಿಸಲು ಸುಮಾರು 4,400 ಜೂಲ್ ಶಕ್ತಿ ಬೇಕು. ಪಂಪು, ಮೋಟರು ಸೇರಿ ನೂರಕ್ಕೆ 60ರಷ್ಟು ದಕ್ಷತೆ ಇದೆಯೆಂದರೆ, ಕರೆಂಟು ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ, ಖರ್ಚು ಒಂದೂವರೆ ಪೈಸೆಯ ಒಳಗೇ. ಅದೇ ಕೊಡವನ್ನು ಹೆಂಗಸೊಬ್ಬಳು ಸೊಂಟದ ಮೇಲಿಟ್ಟು ಗುಡ್ಡ ಹತ್ತಿದರೆ, ನೀರಿನ ಜೊತೆಗೆ ತನ್ನ ಮೈಭಾರವನ್ನೂ ಹೊರುತ್ತಾಳೆ. ಕೆಲಸಕ್ಕೆ ಹೋಗುವ ಹೊತ್ತೂ ಕಳೆದಿರುತ್ತದೆ. ಗುಡ್ಡಕ್ಕೆ ನೀರೇರಿಸುವುದು ದುಬಾರಿ ಎಂದು ಕೈಬಿಟ್ಟ ಯೋಜನೆ ಖರ್ಚನ್ನು ಉಳಿಸಿರುವುದಿಲ್ಲ. ಆ ಖರ್ಚು ಯಾರ ಲೆಕ್ಕಪುಸ್ತಕದಲ್ಲೂ ಕಾಣದ ಸೊಂಟಕ್ಕೆ ದಾಟಿರುತ್ತದೆ.

ಹಾಗೆಂದು ಕೊಡುವ ಧರ್ಮಕ್ಕೆ ಮಿತವ್ಯಯ ವಿರೋಧಿಯಲ್ಲ. ಪಂಪ್‌ಹೌಸಿನ ಆಯುಷ್ಯವಿಡೀ ಕಟ್ಟುವ ಕರೆಂಟು ಬಿಲ್ಲಿನ ಮುಂದೆ ಪಂಪು ಕೊಂಡ ಬೆಲೆ ಸಣ್ಣದು. ಅಗ್ಗದ ಟೆಂಡರಿನ ಹಿಂದೆ ಬಿದ್ದವರು ಮರೆಯುವುದು ಇದನ್ನೇ. ಕೊಳವೆಯ ಮಾತೂ ಹಾಗೆಯೇ. ಅಷ್ಟೇ ನೀರನ್ನು ಅರ್ಧ ವ್ಯಾಸದ ಕೊಳವೆಯಲ್ಲಿ ತಳ್ಳಿದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟಾಗುತ್ತದೆ. ದಪ್ಪ ಕೊಳವೆಗೆ ಒಮ್ಮೆ ಹೆಚ್ಚು ಹಣ ಬೇಕು, ಸಣ್ಣ ಕೊಳವೆಗೆ ಪ್ರತಿ ತಿಂಗಳೂ; ಎರಡರ ಮೊತ್ತ ಎಲ್ಲಿ ಕನಿಷ್ಠವಾಗುತ್ತದೋ ಅದೇ ಸರಿಯಾದ ವ್ಯಾಸ.

ಅತಿ ದೊಡ್ಡ ಪೋಲು ಒತ್ತಡದ್ದು. ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯ ಪ್ರಕಾರ ಒಂದಂತಸ್ತಿನ ಮನೆಗಳಿರುವಲ್ಲಿ ಕೊಳವೆಯಲ್ಲಿ ಕನಿಷ್ಠ 7 ಮೀಟರ್ ನೀರಿನ ಎತ್ತರದಷ್ಟು ಒತ್ತಡ ಉಳಿಯಬೇಕಿತ್ತು. ಗುಡ್ಡದ ನೆತ್ತಿಯಲ್ಲಿ ಅಷ್ಟು ಉಳಿಸಲು ಊರಿನ ನೀರನ್ನೆಲ್ಲ ಆ ಎತ್ತರಕ್ಕೆ ಏರಿಸಿದರೆ, ತಗ್ಗಿನ ಬೀದಿಗಳಲ್ಲಿ ಒತ್ತಡ ಮಿತಿಮೀರಿ ಜೋಡಣೆಗಳು ಸೋರುತ್ತವೆ, ಹಾಕಿದ ಕರೆಂಟು ಚರಂಡಿ ಸೇರುತ್ತದೆ. ತಗ್ಗಿಗೊಂದು ವಲಯ, ಗುಡ್ಡಕ್ಕೊಂದು ವಲಯ ಮಾಡಿ, ಗುಡ್ಡದ ಪಾಲಿನ ನೀರನ್ನಷ್ಟೇ ಬೂಸ್ಟರ್ ಪಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವುದು ಲೇಸು. ಆ ಟ್ಯಾಂಕಿಗೆ ಏರಿಸುವ ಎತ್ತರವೇ ಮುಖ್ಯ ಹೊರೆ, ಅದು ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಇಲ್ಲಿ ವೇಗ ಬದಲಿಸುವ ದುಬಾರಿ ಡ್ರೈವ್ ಬೇಕಿಲ್ಲ; ಸರಿಯಾದ ಅಳತೆಯ ಪಂಪು, ಜೊತೆಗೊಂದು ಮೀಸಲು ಪಂಪು ಸಾಕು. ಇಂಥ ವಿನ್ಯಾಸದಲ್ಲಿ ಮಿತವ್ಯಯ ಮತ್ತು ನ್ಯಾಯ ಒಂದೇ ಕಡೆ ನಿಲ್ಲುತ್ತವೆ: ತಗ್ಗಿನಲ್ಲಿ ಸೋರದೆ ಉಳಿದ ನೀರೇ ಗುಡ್ಡಕ್ಕೆ ಸಿಗುವ ನೀರು.

ಉಳಿದದ್ದು ದರದ ಪ್ರಶ್ನೆ. ಮೇಲಿನ ವಲಯಕ್ಕೆ ಕರೆಂಟು ಹೆಚ್ಚು ಬೇಕು, ಆದ್ದರಿಂದ ಅಲ್ಲಿನವರು ಹೆಚ್ಚು ಕೊಡಲಿ ಎಂಬ ವಾದ ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರ ಏರಿ ಬರುತ್ತದೆ. ಅಲ್ಲಿ ಯಾವ ಬಡಾವಣೆಗೂ ಅದರ ಎತ್ತರ ಅಳೆದು ಬಿಲ್ಲು ಹಾಕುವುದಿಲ್ಲ. ಬಳಸಿದ ಪ್ರಮಾಣವೇ ಅಳತೆ. ರಾಜಧಾನಿಗೆ ಒಪ್ಪಿದ ಈ ನ್ಯಾಯ ಗುಡ್ಡದ ಮೇಲಿನ ಬಡವರ ಮನೆಗೂ ಒಪ್ಪಬೇಕು. ಏರಿಸುವ ಖರ್ಚು ಊರಿನ ಒಟ್ಟು ಲೆಕ್ಕದಲ್ಲಿ ಸೇರಿ, ಮೀಟರು ಎರಡೂ ಕಡೆ ಒಂದೇ ದರದಲ್ಲಿ ಓಡಬೇಕು. ಬೂಸ್ಟರಿನ ದುರಸ್ತಿಗೆ, ಹಿಂದೆ ಬಿತ್ತುವಟ್ಟ ಇದ್ದಂತೆ, ಪ್ರತ್ಯೇಕ ಹಣ ವರ್ಷವರ್ಷವೂ ತೆಗೆದಿಟ್ಟಿರಬೇಕು.