ಪದ ಗೊತ್ತಿದೆ ಎಂದರೇನು?

ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆಗೆ ಕೂರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪದಪಟ್ಟಿ ಇರುತ್ತದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ ಅರ್ಥ. ದಿನಕ್ಕೆ ಇಷ್ಟು ಎಂದು ಬಾಯಿಪಾಠ ಮಾಡಿ ಮುಗಿಸಿದರೆ ಪದಸಂಪತ್ತು ಬೆಳೆಯಿತು ಎಂಬ ಲೆಕ್ಕ. ಈ ಲೆಕ್ಕದ ಹಿಂದೆ, ಯಾರೂ ಗಮನಿಸದಿದ್ದರೂ, ಒಂದು ತಾತ್ತ್ವಿಕ ನಂಬಿಕೆ ಕೂತಿದೆ. ಪದವೆಂದರೆ ವಸ್ತುವಿಗೆ ಅಂಟಿಸಿದ ಚೀಟಿ, ಚೀಟಿ ಯಾವುದರ ಮೇಲಿದೆ ಎಂದು ತಿಳಿದರೆ ಪದ ತಿಳಿದಂತೆ ಎಂಬುದೇ ಆ ನಂಬಿಕೆ. ಇದು ಸರಿಯೇ ಎಂದು ನ್ಯಾಯ ದರ್ಶನದ ನೈಯಾಯಿಕರು, ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು, ವೈಯಾಕರಣರು ಶತಮಾನಗಳ ಕಾಲ ವಾದ ಮಾಡಿದರು. ಅವರಿಗೆ ಇದು ಒಣ ಚರ್ಚೆಯಾಗಿರಲಿಲ್ಲ. ವೇದ ಹೇಳಿದಂತೆ ಯಜ್ಞ ಮಾಡಬೇಕಾದರೆ ವೇದದ ಪದಕ್ಕೆ ಅರ್ಥ ಯಾವುದು, ಅದು ತಿಳಿಯುವುದು ಹೇಗೆ ಎಂಬುದು ಮೊದಲು ಇತ್ಯರ್ಥವಾಗಬೇಕಿತ್ತು. ಧರ್ಮದ ನಿರ್ಣಯವೇ ಪದಾರ್ಥದ ನಿರ್ಣಯದ ಮೇಲೆ ನಿಂತಿತ್ತು.

ಪರೀಕ್ಷೆಗಳೂ ಮೊದಲು ಚೀಟಿಯ ಸಿದ್ಧಾಂತವನ್ನೇ ನೆಚ್ಚಿದ್ದವು. 1964ರಲ್ಲಿ ಶುರುವಾದ ಟೋಫೆಲ್‌ನಲ್ಲಿ ಪದಗಳ ಅರ್ಥವನ್ನೇ ನೇರವಾಗಿ ಕೇಳುವ ಪ್ರಶ್ನೆಗಳಿದ್ದವು. ಒಂದು ಪದ, ನಾಲ್ಕು ಆಯ್ಕೆ, ಹತ್ತಿರದ ಅರ್ಥ ಆರಿಸಿ. ಅಭ್ಯರ್ಥಿಗಳು ಪಟ್ಟಿಗಳನ್ನು ಉರು ಹೊಡೆದು ಅಂಕ ಗಳಿಸುತ್ತಾರೆ, ಆದರೆ ಓದಲು ಬರೆಯಲು ತಡಕಾಡುತ್ತಾರೆ ಎಂಬ ದೂರು ಬಹುಕಾಲದ್ದು. 1995ರ ಪರಿಷ್ಕರಣೆಯಲ್ಲಿ ಬಿಡಿಪದಗಳ ಪ್ರಶ್ನೆಗಳನ್ನು ಕೈಬಿಟ್ಟು, ಓದಿಗೆ ಕೊಟ್ಟ ಗದ್ಯಭಾಗದ ಒಳಗಿನ ಪದಗಳನ್ನಷ್ಟೇ ಕೇಳುವ ಕ್ರಮ ಬಂತು. 1989ರಲ್ಲಿ ಆರಂಭವಾದ ಐಇಎಲ್‌ಟಿಎಸ್‌ನಲ್ಲಿ ಪದಗಳಿಗೆಂದೇ ಬೇರೆ ಪತ್ರಿಕೆ ಇಲ್ಲ. ಬರವಣಿಗೆ ಮತ್ತು ಮಾತಿನ ಪರೀಕ್ಷೆಗಳಲ್ಲಿ ಅಂಕ ಕೊಡುವ ನಾಲ್ಕು ಮಾನದಂಡಗಳಲ್ಲಿ ಪದಬಳಕೆ ಒಂದು, ಅದರ ತೂಕ ಕಾಲು ಭಾಗ. ಪದ ಗೊತ್ತೇ ಎಂದು ಕೇಳುವುದನ್ನು ಬಿಟ್ಟು, ಪದವನ್ನು ಹೇಗೆ ಬಳಸುತ್ತೀರಿ ಎಂದು ನೋಡುವತ್ತ ಪರೀಕ್ಷೆಗಳು ಸರಿದಿವೆ. ಪದಪಟ್ಟಿ ಮಾರುವವರು ಮಾತ್ರ ಇದ್ದಲ್ಲೇ ಇದ್ದಾರೆ.

ಪಶ್ಚಿಮದಲ್ಲಿ ಚೀಟಿಯ ಸಿದ್ಧಾಂತಕ್ಕೆ ಸಂತ ಅಗಸ್ಟೀನನ ಹೆಸರು ಅಂಟಿಕೊಂಡಿದೆ. ತನ್ನ ಆತ್ಮನಿವೇದನೆಯ ಗ್ರಂಥದ ಮೊದಲ ಭಾಗದಲ್ಲಿ ಅವನು ಬಾಲ್ಯದ ನುಡಿಗಲಿಕೆಯನ್ನು ವರ್ಣಿಸುತ್ತಾನೆ: ಹಿರಿಯರು ಹೆಸರು ಹೇಳುತ್ತ ವಸ್ತುವಿನತ್ತ ತಿರುಗುತ್ತಿದ್ದರು, ಮಗು ಅದನ್ನು ಜೋಡಿಸಿಕೊಂಡಿತು. 1953ರಲ್ಲಿ ಪ್ರಕಟವಾದ ವಿಟ್ಗೆನ್‌ಸ್ಟೈನ್‌ನ ಕೊನೆಯ ಕಾಲದ ಕೃತಿ ಈ ವರ್ಣನೆಯನ್ನೇ ಎತ್ತಿಕೊಂಡು ಅಲ್ಲಗಳೆಯುವುದರಿಂದ ಶುರುವಾಗುತ್ತದೆ. ಆದರೆ ಅಗಸ್ಟೀನನನ್ನು ಅಷ್ಟಕ್ಕೇ ಬಿಟ್ಟರೆ ಅನ್ಯಾಯ. ಮಗ ಅದಿಯೊದಾತುಸನೊಡನೆ ನಡೆಸಿದ ಸಂವಾದದ ರೂಪದಲ್ಲಿ ಅವನು ಬರೆದ ಇನ್ನೊಂದು ಕೃತಿ, ಪದಗಳಿಂದ ಯಾರೂ ಏನನ್ನೂ ಕಲಿಯಲಾರರು ಎನ್ನುವವರೆಗೆ ಹೋಗುತ್ತದೆ. ವಸ್ತು ಮೊದಲೇ ಗೊತ್ತಿರದಿದ್ದರೆ ಪದ ಬರಿಯ ಸದ್ದು. ಗೊತ್ತಿದ್ದರೆ ಪದ ಅದನ್ನು ನೆನಪಿಸುತ್ತದೆ, ಅಷ್ಟೆ. ಹಾಗಾದರೆ ಕಲಿಸುವವರು ಯಾರು? ಒಳಗೆ ನೆಲೆಸಿದ ಗುರು, ಅಂದರೆ ಕ್ರಿಸ್ತ, ಎಂಬುದು ಅವನ ಉತ್ತರ.

ನೈಯಾಯಿಕರು ಇಷ್ಟು ಎತ್ತರಕ್ಕೆ ಹಾರಲಿಲ್ಲ. ಪದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಅವರು ಶಕ್ತಿ ಎಂದರು, ಅದನ್ನು ತಿಳಿಯುವುದನ್ನು ಶಕ್ತಿಗ್ರಹ ಎಂದರು. ಅದಕ್ಕೆ ಎಂಟು ದಾರಿಗಳಿವೆ. ವ್ಯಾಕರಣ, ಉಪಮಾನ, ಕೋಶ, ನಂಬಲರ್ಹರಾದ ಆಪ್ತರ ಮಾತು, ವ್ಯವಹಾರ, ವಾಕ್ಯದ ಉಳಿದ ಭಾಗ, ವಿವರಣೆ, ಗೊತ್ತಿರುವ ಪದದ ಸಾಮೀಪ್ಯ. ಪದಪಟ್ಟಿ ಇವುಗಳಲ್ಲಿ ಒಂದೇ ದಾರಿ, ಕೋಶದ್ದು.

ಎಲ್ಲಕ್ಕೂ ಮೊದಲಿನದು ವ್ಯವಹಾರ, ಏಕೆಂದರೆ ಮಗುವಿಗೆ ಉಳಿದ ಯಾವ ದಾರಿಯೂ ತೆರೆದಿರುವುದಿಲ್ಲ. ಶಾಸ್ತ್ರಕಾರರು ಕೊಡುವ ಉದಾಹರಣೆ ಹೀಗಿದೆ. ಮನೆಯ ಹಿರಿಯ ಕಿರಿಯವನಿಗೆ ‘ಹಸುವನ್ನು ತಾ’ ಎನ್ನುತ್ತಾನೆ. ಕಿರಿಯ ಎದ್ದು ಹೋಗಿ ಹಸುವನ್ನು ತರುತ್ತಾನೆ. ಪಕ್ಕದಲ್ಲಿ ಕೂತ ಮಗುವಿಗೆ ಆ ಸದ್ದಿಗೂ ಈ ಕೆಲಸಕ್ಕೂ ನಂಟಿದೆ ಎಂದು ಹೊಳೆಯುತ್ತದೆ, ಆದರೆ ಯಾವ ತುಂಡು ಯಾವುದಕ್ಕೆ ಎಂದು ತಿಳಿಯದು. ಆಮೇಲೆ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳು ಬೀಳುತ್ತವೆ. ಒಂದು ಪದ ಬಂದಾಗ ಏನು ಬಂತು, ಹೋದಾಗ ಏನು ಹೋಯಿತು ಎಂದು ನೋಡುತ್ತ ಮಗು ಪದವನ್ನು ಬಿಡಿಸಿಕೊಳ್ಳುತ್ತದೆ. ಈ ಸೇರಿಕೆ–ತೆಗೆತಕ್ಕೆ ಆವಾಪ–ಉದ್ವಾಪ ಎಂದು ಹೆಸರು. ಮಗುವಿಗೆ ಮೊದಲು ಸಿಗುವುದು ಇಡೀ ವಾಕ್ಯ, ಅದೂ ಕೆಲಸದೊಡನೆ ಸೇರಿದ ವಾಕ್ಯ. ಬಿಡಿಪದ ಸಿಗುವುದು ಕೊನೆಗೆ. ಪದಪಟ್ಟಿ ಇದನ್ನು ತಲೆಕೆಳಗು ಮಾಡುತ್ತದೆ.

ಕೊನೆಯ ದಾರಿಗಳು ಇಂದಿನ ಓದಿನ ಪತ್ರಿಕೆಗೆ ತೀರ ಹತ್ತಿರ. ‘ಈ ಮಾವಿನ ಮರದಲ್ಲಿ ಪಿಕ ಇಂಪಾಗಿ ಹಾಡುತ್ತಿದೆ’ ಎಂಬ ವಾಕ್ಯ ಕೇಳಿದವನಿಗೆ ಪಿಕ ಎಂಬುದು ಗೊತ್ತಿಲ್ಲದಿದ್ದರೂ ಮಾವು, ಇಂಪು, ಹಾಡು ಗೊತ್ತು. ಅವು ಕೋಗಿಲೆಯತ್ತ ಬೆರಳು ತೋರಿಸುತ್ತವೆ. ವಾಕ್ಯಶೇಷಕ್ಕೆ, ಅಂದರೆ ವಾಕ್ಯದ ಉಳಿದ ಭಾಗದಿಂದ ಅರ್ಥ ಹಿಡಿಯುವುದಕ್ಕೆ, ಉದಾಹರಣೆ ಯವ. ಆರ್ಯರು ಉದ್ದ ಮುಳ್ಳಿನ ತೆನೆಯ ಜವೆಗೋಧಿಯನ್ನು ಯವವೆನ್ನುತ್ತಾರೆ, ಮ್ಲೇಚ್ಛರು ನವಣೆಯನ್ನು. ಯಜ್ಞಕ್ಕೆ ಯಾವುದನ್ನು ತರಬೇಕು? ಮಿಕ್ಕ ಬೆಳೆಗಳ ಎಲೆ ಉದುರುವ ಕಾಲದಲ್ಲಿ ಇವು ನಳನಳಿಸುತ್ತ ನಿಲ್ಲುತ್ತವೆ ಎಂಬರ್ಥದ ಮಾತು ಮುಂದೆ ಬರುವುದರಿಂದ, ಅದು ಜವೆಗೋಧಿಯೇ ಎಂದು ತೀರ್ಮಾನ. ಮುಂದಿನ ಸಾಲು ಓದಿ ಹಿಂದಿನ ಪದದ ಅರ್ಥ ಹಿಡಿಯುವ ಈ ಕ್ರಮವನ್ನೇ ಕೋಚಿಂಗ್ ತರಗತಿಗಳು ಹೊಸ ಉಪಾಯವೆಂಬಂತೆ ಹೇಳಿಕೊಡುತ್ತವೆ.

ಒಂದೇ ಪದ, ಎರಡು ಸಮುದಾಯ, ಎರಡು ಅರ್ಥ ಎಂಬ ಸಮಸ್ಯೆ ಹಳೆಯದಾಗಿಲ್ಲ. ಬೆಂಗಳೂರಿನಲ್ಲಿ ‘ಪಾಸ್ ಔಟ್’ ಆದವನು ಪದವಿ ಮುಗಿಸಿದವನು. ಲಂಡನ್ನಿನಲ್ಲಿ ಅದೇ ಮಾತು ಕೇಳಿದವರು ಆತ ಎಚ್ಚರ ತಪ್ಪಿ ಬಿದ್ದನೆಂದುಕೊಳ್ಳುವ ಸಂಭವವೇ ಹೆಚ್ಚು. ಯಾರ ಬಳಕೆಗೆ ಮನ್ನಣೆ? ಈ ಪ್ರಶ್ನೆಗೆ ಮೀಮಾಂಸೆಯ ಒಂದು ಅಧಿಕರಣ, ಅಂದರೆ ಒಂದು ವಿಷಯವನ್ನು ಚರ್ಚಿಸಿ ತೀರ್ಮಾನಿಸುವ ಭಾಗ, ಕೊಡುವ ಉತ್ತರ ಅಚ್ಚರಿ ಹುಟ್ಟಿಸುತ್ತದೆ. ವೇದದಲ್ಲಿ ಪಿಕ, ನೇಮ, ತಾಮರಸದಂತಹ ಕೆಲವು ಪದಗಳಿವೆ. ಇವು ಆರ್ಯರ ಬಳಕೆಯಲ್ಲಿಲ್ಲ, ಮ್ಲೇಚ್ಛರ ಬಳಕೆಯಲ್ಲಿವೆ. ನಿರುಕ್ತ, ವ್ಯಾಕರಣಗಳನ್ನು ಹಿಡಿದು ಧಾತುವಿನಿಂದ ಅರ್ಥ ಎಳೆಯಬೇಕೆ, ಮ್ಲೇಚ್ಛರನ್ನೇ ಕೇಳಬೇಕೆ? ಮ್ಲೇಚ್ಛರ ಅರ್ಥವನ್ನೇ ಒಪ್ಪಬೇಕು ಎಂಬುದು ಸಿದ್ಧಾಂತ. ಆಚಾರದ ವಿಷಯದಲ್ಲಿ ಮ್ಲೇಚ್ಛರನ್ನು ಹತ್ತಿರ ಸೇರಿಸದ ಶಾಸ್ತ್ರ, ಪದದ ವಿಷಯದಲ್ಲಿ ಬಳಸುವವನೇ ಪ್ರಮಾಣ ಎಂದು ತಲೆಬಾಗಿತು. ಗ್ರೀಕ್, ಲ್ಯಾಟಿನ್ ಬೇರುಗಳನ್ನು ಕಲಿತು ಇಂಗ್ಲಿಷ್ ಪದಗಳ ಅರ್ಥವನ್ನು ಊಹಿಸಿಬಿಡಬಹುದು ಎನ್ನುವ ಪುಸ್ತಕಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಬೇರು ನೆನಪಿಗೆ ಊರುಗೋಲಾದೀತು, ಅರ್ಥಕ್ಕೆ ಸಾಕ್ಷಿಯಾಗದು.

ಬಳಸುವವರಲ್ಲೂ ಭೇದವಿದೆ ಎಂದವರು ಮಧ್ವಾಚಾರ್ಯರು. ಅವರ ಮತದಲ್ಲಿ ಎಲ್ಲ ಶಬ್ದಗಳ ಮುಖ್ಯಾರ್ಥ ವಿಷ್ಣುವೇ. ಲೋಕದ ಅರ್ಥ ಅಮುಖ್ಯ. ಹೀಗಾಗಿ ದ್ವೈತದಲ್ಲಿ ಬಲ್ಲವರ ರೂಢಿ ಬೇರೆ, ಅಜ್ಞರ ರೂಢಿ ಬೇರೆ. ಈ ನಿಲುವಿನ ಪ್ರಕಾರ ನಿಘಂಟನ್ನು ಪೂರ್ತಿ ನುಂಗಿದವನಿಗೂ ಒಂದು ಪದದ ಮುಖ್ಯಾರ್ಥ ತಿಳಿದಿರಬೇಕೆಂದಿಲ್ಲ. ಪರೀಕ್ಷಕರ ಕೈಗೆ ಸಿಗದ ವಿಷಯವಿದು.

ಪರೀಕ್ಷೆಗೆ ನೇರವಾಗಿ ತಾಗುವ ವಾದ ಮೀಮಾಂಸೆಯ ಎರಡು ಪಂಥಗಳದ್ದು. ಕುಮಾರಿಲಭಟ್ಟನ ಪಂಥದವರ ಪ್ರಕಾರ ಪದಗಳು ಮೊದಲು ತಂತಮ್ಮ ಅರ್ಥವನ್ನು ಹೇಳುತ್ತವೆ, ಆಮೇಲೆ ಆ ಅರ್ಥಗಳು ಒಂದಕ್ಕೊಂದು ಕೂಡಿ ವಾಕ್ಯಾರ್ಥವಾಗುತ್ತದೆ. ಇದು ಅಭಿಹಿತಾನ್ವಯ. ಪ್ರಭಾಕರನ ಪಂಥದವರು ಒಪ್ಪುವುದಿಲ್ಲ. ಪದಕ್ಕೆ ಒಂಟಿ ಅರ್ಥವೇ ಇಲ್ಲ, ಇತರ ಪದಗಳೊಡನೆ ಕೂಡಿದ ಅರ್ಥವನ್ನೇ ಅದು ಹೇಳುತ್ತದೆ ಎಂಬ ಈ ವಾದ ಅನ್ವಿತಾಭಿಧಾನ. ಹಸು, ಕುದುರೆಯ ಉದಾಹರಣೆ ಇವರ ಕೈಯಲ್ಲಿ ಬಲವಾದ ಆಯುಧ: ಕಲಿತದ್ದೇ ಕೂಡಿದ ಅರ್ಥವಾದರೆ ತಿಳಿಯುವುದೂ ಅದೇ ತಾನೆ? ಕುಮಾರಿಲನ ಕಡೆಗೂ ಬಲವಿದೆ. ಹಿಂದೆಂದೂ ಕೇಳದ ವಾಕ್ಯವೂ ನಮಗೆ ಅರ್ಥವಾಗುತ್ತದೆ. ಪದಕ್ಕೆ ಸ್ವಂತ ಅರ್ಥವಿಲ್ಲದೆ ಅದು ಸುಲಭದಲ್ಲಿ ಆಗುವಂಥದ್ದಲ್ಲ.

‘ಮಿಟಿಗೇಟ್’ ಎಂಬ ಪದವನ್ನು ತೆಗೆದುಕೊಳ್ಳಬಹುದು. ಪಟ್ಟಿಯಲ್ಲಿ ಅದರ ಎದುರು ‘ಕಡಿಮೆ ಮಾಡು’ ಎಂದಿರುತ್ತದೆ. ಗದ್ಯಭಾಗದಲ್ಲಿ ಪ್ರವಾಹದ ಹಾನಿಯನ್ನು ಮಿಟಿಗೇಟ್ ಮಾಡುವ ಕ್ರಮಗಳು ಎಂದು ಬಂದರೆ ಪಟ್ಟಿ ಓದಿದವನಿಗೆ ಅರ್ಥವಾಗುತ್ತದೆ. ಅದೇ ಅಭ್ಯರ್ಥಿ ಪ್ರಬಂಧ ಬರೆಯಲು ಕೂತು ಈರುಳ್ಳಿಯ ಬೆಲೆಯನ್ನು, ಕಾರಿನ ವೇಗವನ್ನು, ದೇಹದ ತೂಕವನ್ನು ಮಿಟಿಗೇಟ್ ಮಾಡಿಸುತ್ತಾನೆ. ಇಂಗ್ಲಿಷಿನಲ್ಲಿ ಅದು ಹಾನಿ, ಅಪಾಯ, ಪರಿಣಾಮಗಳಂಥ ಪದಗಳೊಡನೆ ಓಡಾಡುವ ಪದ, ಬೆಲೆಯ ಜತೆಗಲ್ಲ. ಅರ್ಥಗಳು ಒಂದಕ್ಕೊಂದು ಹೊಂದುವುದನ್ನು ಶಾಸ್ತ್ರ ಯೋಗ್ಯತೆ ಎನ್ನುತ್ತದೆ, ಇದನ್ನು ಆ ಯೋಗ್ಯತೆಯ ದೋಷವೆನ್ನಲೂ ಆಗದು. ಬೆಂಕಿಯಿಂದ ಗಿಡಕ್ಕೆ ನೀರೆರೆ ಎಂಬಲ್ಲಿ ಲೋಕದಲ್ಲೇ ಆಗದ ಮಾತಿದೆ, ಬೆಲೆ ಇಳಿಸುವುದು ಆಗದ ಕೆಲಸವೇನಲ್ಲ. ತಪ್ಪಿರುವುದು ಪದಗಳ ಒಡನಾಟದಲ್ಲಿ. ಓದಿನ ಪತ್ರಿಕೆಗೆ ಕುಮಾರಿಲನ ಮತ ಸಾಕು, ಬರವಣಿಗೆಯ ಪತ್ರಿಕೆಗೆ ಪ್ರಭಾಕರನ ಮತವೇ ಬೇಕು. ಐಇಎಲ್‌ಟಿಎಸ್ ಪ್ರಕಟಿಸಿರುವ ಮಾನದಂಡದಲ್ಲೂ, ಬ್ಯಾಂಡ್ 7 ಪಡೆಯುವವರು ಅಪರೂಪದ ಪದಗಳನ್ನು ಶೈಲಿ ಮತ್ತು ಪದಗಳ ಒಡನಾಟದ ಅರಿವಿನೊಡನೆ ಬಳಸಬೇಕೆಂಬ ನಿರೀಕ್ಷೆಯಿದೆ.

ವೈಯಾಕರಣ ಭರ್ತೃಹರಿ ಇನ್ನೂ ಮುಂದೆ ಹೋದ. ‘ವಾಕ್ಯಪದೀಯ’ದ ಪ್ರಕಾರ ವಾಕ್ಯ ಅಖಂಡ. ಅದನ್ನು ಪದಗಳಾಗಿ ಒಡೆಯುವುದು ಕಲಿಯುವವರ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಏರ್ಪಾಡು ಸುಳ್ಳಾದರೂ ನಿರರ್ಥಕವಲ್ಲ, ಅದರ ಮೂಲಕವೇ ಸತ್ಯಕ್ಕೆ ಹೋಗಬೇಕು ಎಂದವನೂ ಅವನೇ.

ಆದ್ದರಿಂದ ಬಾಯಿಪಾಠವನ್ನು ಹೀಗಳೆಯುವುದೂ ಸಲ್ಲದು. ಸುಮಾರು 1500 ಶ್ಲೋಕಗಳ ‘ಅಮರಕೋಶ’ವನ್ನು ಸಂಸ್ಕೃತ ಪಾಠಶಾಲೆಗಳಲ್ಲಿ ಮಕ್ಕಳು ಅರ್ಥ ತಿಳಿಯುವ ಮೊದಲೇ ಕಂಠಸ್ಥ ಮಾಡುತ್ತಿದ್ದರು. ಆದರೆ ಅದು ಅಕ್ಷರಕ್ರಮದ ಪಟ್ಟಿಯಲ್ಲ. ಸ್ವರ್ಗ, ಕಾಲ, ಭೂಮಿ, ವನ ಎಂದು ವರ್ಗಗಳಿವೆ, ಪದದೊಡನೆ ಲಿಂಗವೂ ಸಿಗುತ್ತದೆ, ಕಲಿತದ್ದು ಕಾವ್ಯಪಾಠದಲ್ಲಿ ಬಳಕೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಯಾವ ಪದಗಳನ್ನು ಮೊದಲು ಕಲಿಯಬೇಕೆಂಬ ವಿಚಾರಕ್ಕೂ ಉಪಖಂಡದ ನಂಟಿದೆ. ಸುಮಾರು 2000 ಪದಗಳ ಪ್ರಸಿದ್ಧ ಪಟ್ಟಿಯನ್ನು 1953ರಲ್ಲಿ ಹೊರತಂದ ಮೈಕೆಲ್ ವೆಸ್ಟ್ ಅದಕ್ಕೆ ಮೊದಲು ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದವರು. 2000ದಲ್ಲಿ ಎವರಿಲ್ ಕಾಕ್ಸ್‌ಹೆಡ್ ವಿಶ್ವವಿದ್ಯಾಲಯದ ಬರಹಗಳಿಂದ 570 ಪದಕುಟುಂಬಗಳನ್ನು ಆರಿಸಿದರು. ಅಂಥ ಬರಹಗಳ ಪದಗಳಲ್ಲಿ ಸುಮಾರು ಶೇ. 10ರಷ್ಟು ಇವೇ. ಅಪರೂಪದ ಸಾವಿರಾರು ಪದಗಳ ಹಿಂದೆ ಬೀಳುವುದಕ್ಕಿಂತ ಇವನ್ನು ವಾಕ್ಯಗಳ ಸಮೇತ ಕಲಿಯುವುದು ಮೇಲು.

ಕಲಿತದ್ದು ಉಳಿಯುವುದೂ ವ್ಯವಹಾರದಿಂದಲೇ. ಟೋಫೆಲ್, ಐಇಎಲ್‌ಟಿಎಸ್ ಎರಡರ ಫಲಿತಾಂಶವನ್ನೂ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಎರಡು ವರ್ಷದ ತನಕ ಮಾತ್ರ ಒಪ್ಪುತ್ತವೆ. ಬಳಸದ ಭಾಷೆ ಅಷ್ಟರಲ್ಲಿ ಕೈತಪ್ಪಬಹುದು ಎಂಬುದೇ ಅದಕ್ಕೆ ಕೊಡುವ ಕಾರಣ.