ಒಂದು ಅಮಾಸಿಯಿಂದ ಇನ್ನೊಂದು ಅಮಾಸಿಗೆ

ವರ್ಷದ ಹನ್ನೆರಡು ತಿಂಗಳಲ್ಲಿ ಒಂದನ್ನೇ ಆರಿಸಿಕೋ ಎಂದರೆ ನಾನು ಪುಷ್ಯವನ್ನು ಆರಿಸಿಕೊಳ್ಳುತ್ತೇನೆ. ಎಳ್ಳಮಾಸಿಯ ಮರುದಿನ ಹುಟ್ಟಿ ಅವರಾತ್ರಿ ಅಮಾಸಿಗೆ ಮುಗಿಯುವ ತಿಂಗಳು ಅದು. ಮದುವೆ ಮುಂಜಿವೆಗಳಿಗೆ ಪುಷ್ಯ ಆಗಿಬರುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ಆದರೆ ಕೊಪ್ಪಳ ಸೀಮೆಯ ಹೊಲಗಳಿಗೆ ಇದಕ್ಕಿಂತ ಮಂಗಳದ ತಿಂಗಳು ಇನ್ನೊಂದಿಲ್ಲ. ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ ಬರುತ್ತಾರೆ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ, ಕಡಬು ಇವೆಲ್ಲ ಮೊದಲು ಮಣ್ಣಿಗೆ, ಆಮೇಲೆ ನಮಗೆ. ಬಸುರಿಯ ಬಯಕೆ ತೀರಿಸುವ ಹಾಗೆ ಭೂಮಿತಾಯಿಗೆ ಉಣಿಸುವುದು ಎನ್ನುತ್ತಾರೆ. ಅಲ್ಲಿಂದ ಮುಂದಿನ ಒಂದು ತಿಂಗಳು ಆ ಭೂಮಿ ತೋರಿಸುವುದನ್ನೆಲ್ಲ ನೋಡುತ್ತ ಕೂತರೆ ಬೇರೆ ಕೆಲಸವೇ ಬೇಡವೆನಿಸುತ್ತದೆ.

ಯಲಬುರ್ಗಾ, ಕುಕನೂರು ಕಡೆಯ ಎರಿ ಹೊಲಗಳಲ್ಲಿ ಆಗ ಬಿಳಿಜೋಳ ತೆನೆಕಟ್ಟಿ ಹಾಲುಗಾಳಾಗುತ್ತಿರುತ್ತದೆ. ಇದು ಹಿಂಗಾರಿ ಜೋಳ. ಬಿತ್ತಿದ ಮೇಲೆ ಒಂದೆರಡು ಮಳೆ ಬಿದ್ದರೆ ಬಿತ್ತು, ಆಮೇಲೆ ಹೆಚ್ಚಿನ ವರ್ಷಗಳಲ್ಲಿ ಆಕಾಶದಿಂದ ಹನಿ ಇಳಿಯುವುದಿಲ್ಲ. ಬೋರಿಲ್ಲ, ಕಾಲುವೆಯಿಲ್ಲ. ಆದರೂ ಬೆಳೆ ಆಳೆತ್ತರಕ್ಕೆ ಬಂದು ತೆನೆ ತೂಗುತ್ತದೆ. ಕಾರಣವೇನೋ ಗೊತ್ತಿದೆ. ಎರಿಮಣ್ಣಿನ ಜೇಡಿ ತನ್ನ ಪದರಗಳ ನಡುವೆ ನೀರು ಹಿಡಿದಿಟ್ಟುಕೊಂಡು ಉಬ್ಬುತ್ತದೆ, ತಿಂಗಳುಗಟ್ಟಲೆ ಅದನ್ನು ಇಷ್ಟಿಷ್ಟೇ ಬಿಟ್ಟುಕೊಡುತ್ತದೆ, ಬಿಟ್ಟುಕೊಡುತ್ತ ಬಿರುಕೊಡೆಯುತ್ತದೆ. ಆ ಬಿರುಕಿನಿಂದ ಹಸಿ ಹಾರಿಹೋಗದಿರಲೆಂದೇ ರೈತ ಎಡೆ ಹೊಡೆದು ಮೇಲ್ಮಣ್ಣು ಸಡಿಲ ಮಾಡಿ ಮುಚ್ಚುತ್ತಾನೆ. ಬೇರು ಹಸಿಯನ್ನು ಹುಡುಕುತ್ತ ಕೆಳಕೆಳಗೆ ಇಳಿಯುತ್ತದೆ. ಇಷ್ಟು ತಿಳಿದ ಮೇಲೂ ನನ್ನ ಬೆರಗು ಒಂದಿಷ್ಟೂ ಇಳಿದಿಲ್ಲ. ಭಾದ್ರಪದದಲ್ಲಿ ಬಿದ್ದ ಮಳೆಯೇ ಪುಷ್ಯದಲ್ಲಿ ತೆನೆಯೊಳಗೆ ಹಾಲಾಗಿ ನಿಂತಿದೆ ಎಂದು ತಿಳಿದ ಮೇಲೆ ಆ ಬೆರಗು ಇನ್ನಷ್ಟು ಹೆಚ್ಚಿದೆ.

ಈ ಹಾಲುಗಾಳು ಗಟ್ಟಿಯಾಗುವ ಮೊದಲಿನ ಕೆಲವೇ ದಿನ ಸೀತನಿಯ ಸುಗ್ಗಿ. ಹೊಲದ ಬದುವಿನಲ್ಲೇ ಕುಳ್ಳಿನ ಕೆಂಡ ಮಾಡಿ, ತೆನೆ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ, ತೂರಿ, ಹಸಿರು ಕಾಳನ್ನು ಬೊಗಸೆಗೆ ಹಾಕಿಕೊಡುತ್ತಾರೆ. ಜತೆಗೆ ಶೇಂಗಾ ಹಿಂಡಿ ಇದ್ದರಾಯಿತು, ಬೆಲ್ಲವಿದ್ದರೆ ಇನ್ನೂ ಒಳ್ಳೆಯದು. ಕಾಳು ಬಲಿತರೆ ಸೀತನಿಯ ಸವಿ ಮುಗಿಯಿತು. ಪೇಟೆಯಲ್ಲಿ ಯಾವ ಬೆಲೆ ಕೊಟ್ಟರೂ ಅದು ಮತ್ತೆ ಸಿಗುವುದು ಬರುವ ವರ್ಷಕ್ಕೇ.

ಕಡಲೆ ಹೊಲದ್ದು ಬೇರೆಯೇ ಕತೆ. ಪುಷ್ಯದ ರಾತ್ರಿಗಳಲ್ಲಿ ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ಆವಿ ಎಲೆಯ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಎಲ್ಲ ಗಿಡಗಳ ಮೇಲೂ ಕೂರುತ್ತದೆ, ಆದರೆ ಕಡಲೆಗಿಡದ ಮೇಲೆ ಕೂತದ್ದು ಮಾತ್ರ ಹುಳಿಯಾಗುತ್ತದೆ. ಕಡಲೆಯ ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ರೋಮಗಳಿವೆ. ಅವುಗಳ ತುದಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಜಿನುಗುತ್ತದೆ. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲೆಂದು ಗಿಡ ಮಾಡಿಕೊಂಡದ್ದು ಇದು. ನಮ್ಮ ಹಿರಿಯರಿಗೆ ಆಮ್ಲದ ಹೆಸರು ಗೊತ್ತಿರಲಿಲ್ಲ, ಅದರ ರುಚಿ ಗೊತ್ತಿತ್ತು. ನಸುಕಿನಲ್ಲಿ ಎದ್ದು ತೆಳ್ಳನೆಯ ಬಿಳಿ ಧೋತರವನ್ನು ಗಿಡಗಳ ಮೇಲೆ ಎಳೆದುಕೊಂಡು ಸಾಲಿನುದ್ದ ನಡೆಯುವುದು, ನೆಂದ ಬಟ್ಟೆಯನ್ನು ಪಾತ್ರೆಗೆ ಹಿಂಡುವುದು. ಅದೇ ಕಡ್ಲಿ ಹುಳಿ. ಸೀಸೆಯಲ್ಲಿ ತುಂಬಿಟ್ಟರೆ ಅಜೀರ್ಣಕ್ಕೆ, ಹೊಟ್ಟೆನೋವಿಗೆ ವರ್ಷವಿಡೀ ಮನೆಮದ್ದು. ಬಿಸಿಲು ಏರಿದರೆ ಇಬ್ಬನಿ ಆರಿಹೋಗುತ್ತದೆ, ಹುಳಿ ಎಲೆಗೇ ಅಂಟಿಕೊಂಡುಬಿಡುತ್ತದೆ. ಆದ್ದರಿಂದ ಸೂರ್ಯನಿಗಿಂತ ಮೊದಲು ಹೊಲಕ್ಕೆ ಇಳಿಯಬೇಕು. ನಾನು ಬೆರಗಿನಿಂದ ಸಾಲುಗಳ ನಡುವೆ ಅಡ್ಡಾಡುತ್ತಿದ್ದಾಗ, ಕಡ್ಲಿ ಪಲ್ಯಕ್ಕೆಂದು ಕುಡಿ ಚಿವುಟುತ್ತಿದ್ದ ಅಜ್ಜಿಯೊಬ್ಬಳು, “ಬರಿಗಾಲಿಲೆ ಭಾಳ ಅಡ್ಡಾಡಬ್ಯಾಡ ತಮ್ಮಾ, ಹುಳಿ ಹತ್ತಿ ಕಾಲು ಒಡಿತಾವ” ಎಂದಳು. ಅವಳ ಹಿಮ್ಮಡಿಗಳನ್ನು ನೋಡಿದ ಮೇಲೆ ಕಡ್ಲಿ ಪಲ್ಯ ಬರಿಯ ರುಚಿಯಾಗಿ ಉಳಿಯಲಿಲ್ಲ. ಈ ಚೆಲುವಿನ ಹಿಂದೆ ದುಡಿಯುವ ಕಾಲುಗಳಿವೆ ಎಂಬುದನ್ನು ಬಿಟ್ಟು ಈ ತಿಂಗಳ ಬಗ್ಗೆ ಬರೆಯಬಾರದು.

ಇನ್ನು ಅಗಸಿ. ಕಡಲೆ ಮತ್ತು ಜೋಳದ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಪಟ್ಟಿ. ಬೆಳಿಗ್ಗೆ ಹೋದರೆ ಇಡೀ ಪಟ್ಟಿ ತಿಳಿನೀಲಿ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ದಳಗಳೆಲ್ಲ ಉದುರಿ, ಬರಿ ಹಸಿರು. ಅಗಸಿ ಹೂವಿನ ಆಯುಷ್ಯ ಅರ್ಧ ದಿನ. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಅದೇ ನೀಲಿ, ಆದರೆ ನಿನ್ನೆಯ ಒಂದು ಹೂವೂ ಅಲ್ಲಿಲ್ಲ. ಹೀಗೆ ವಾರಗಟ್ಟಲೆ ಆ ಹೊಲ ನೀಲಿಯಾಗಿಯೇ ಇರುತ್ತದೆ. ನನಗೆ ಪುಷ್ಯದ ಗುಟ್ಟು ಇಲ್ಲಿದೆ ಅನ್ನಿಸುತ್ತದೆ. ಒಂದು ದಿನ ಬಂದು ನೋಡಿ ಹೋದವನಿಗೆ ನೀಲಿ ಹೊಲ ಕಾಣುತ್ತದೆ. ಒಂದು ತಿಂಗಳು ಇದ್ದವನಿಗೆ ಮಾತ್ರ ದಿನವೂ ಸತ್ತು ದಿನವೂ ಹುಟ್ಟುವ ನೀಲಿ ಕಾಣುತ್ತದೆ. ಬೆರಗಿಗೆ ದೂರದ ಊರು ಬೇಕಿಲ್ಲ, ಒಂದೇ ಊರಿನಲ್ಲಿ ಸಾಕಷ್ಟು ಬೆಳಗುಗಳು ಬೇಕು.

ಹೀಗೆ ಒಂದೇ ಊರಿನಲ್ಲಿ ಉಳಿದು ನೋಡುವ ಸುಖ ಬೇರೆಡೆಯೂ ಇದೆ. ಜಪಾನಿನ ಕಡಲತಡಿಯ ಸಣ್ಣ ಊರುಗಳಲ್ಲಿ ತಿಂಗಳೊಪ್ಪತ್ತು ಇದ್ದುಬಂದವರು ಅಲ್ಲಿನ ದಿನನಿತ್ಯದ ಸಣ್ಣ ಸುಖಗಳನ್ನು ತುಂಬ ಅಕ್ಕರೆಯಿಂದ ವರ್ಣಿಸುತ್ತಾರೆ. ಜಪಾನಿನ ಜನ ಋತುವನ್ನು ಎಷ್ಟು ಹತ್ತಿರದಿಂದ ನೋಡಿದವರೆಂದರೆ, ಅವರ ಹಳೆಯ ಪಂಚಾಂಗದಲ್ಲಿ ವರ್ಷಕ್ಕೆ 72 ಋತುಗಳಿವೆ, ಒಂದೊಂದು ಸುಮಾರು 5 ದಿನದ್ದು. ಚೀನಾದಿಂದ ಬಂದ ಈ ಲೆಕ್ಕವನ್ನು 17ನೇ ಶತಮಾನದಲ್ಲಿ ಶಿಬುಕಾವಾ ಶುಂಕಾಯ್ ಎಂಬ ಖಗೋಳಜ್ಞ ತನ್ನ ನೆಲದ ಹವೆಗೆ ಹೊಂದುವಂತೆ ತಿದ್ದಿದ. ನಮ್ಮ ಪುಷ್ಯಕ್ಕೆ ಹೊಂದುವ ಜನವರಿಯಲ್ಲಿ ಐದು ದಿನ ಒಂದು ಬಗೆಯ ಸೊಪ್ಪು ಹುಲುಸಾಗುವ ಋತು, ಇನ್ನೈದು ದಿನ ಕಾಡುಕೋಳಿ ಜಾತಿಯ ಹಕ್ಕಿ ಕೂಗಲು ತೊಡಗುವ ಋತು. ಇದನ್ನು ಓದಿದಾಗ ನನಗೆ ಪರದೇಶದ್ದೆನಿಸಲಿಲ್ಲ. ಕಡ್ಲಿ ಕುಡಿ ಚಿವುಟುವ ದಿನಗಳು, ಅಗಸಿ ಅರಳುವ ದಿನಗಳು, ಸೀತನಿಯ ದಿನಗಳು, ಹಸಿ ಕಡಲೆಯ ಸುಲಗಾಯಿ ಬಿಡಿಸಿ ತಿನ್ನುವ ದಿನಗಳು ಎಂದು ನಮ್ಮ ರೈತರೂ ಬಾಯಲ್ಲಿ ಅದೇ ಪಂಚಾಂಗ ನಡೆಸಿಕೊಂಡು ಬಂದಿದ್ದಾರೆ. ಬರೆದಿಟ್ಟಿಲ್ಲ, ಅಷ್ಟೇ. ಬರೆದಿಡಬೇಕು. ಅಗಸಿ ಬಿತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಧೋತರ ಎಳೆದು ಹುಳಿ ಹಿಂಡುವವರು ಅದಕ್ಕಿಂತ ಕಡಿಮೆ.

ತಿಂಗಳ ನಡುವೆ ಬನದ ಹುಣ್ಣಿಮೆ. ಅದಾಗಿ ಎರಡನೆಯ ದಿನ, ಪುಷ್ಯ ಬಹುಳ ಬಿದಿಗೆಯ ಸಂಜೆ, ಕೊಪ್ಪಳದ ಗವಿಸಿದ್ಧೇಶ್ವರನ ತೇರು. ಲಕ್ಷಾಂತರ ಜನ ಸೇರುವ ತೇರಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮುಂಚಿನ ದಿನಗಳಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಒಂದೆಡೆ ಕೂತು ಗವಿಮಠದ ದಾಸೋಹಕ್ಕೆಂದು ರೊಟ್ಟಿ ಬಡಿಯುತ್ತಾರೆ. ಓಣಿ ದಾಟುವಾಗ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಜಾತ್ರೆ ಹತ್ತಿರ ಬಂತೆಂದು ಅರ್ಥ. ಒಣಗಿದ ಖಡಕ್ ರೊಟ್ಟಿ, ಮಾದಲಿ, ಕಾಳುಕಡಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಾಜಾ ಭಜಂತ್ರಿಯೊಂದಿಗೆ ಮಠಕ್ಕೆ ತರುತ್ತಾರೆ. ಲಕ್ಷಗಟ್ಟಲೆ ರೊಟ್ಟಿಯಲ್ಲಿ ಯಾವುದು ಯಾರ ಕೈಯದೆಂದು ಯಾರಿಗೂ ಗೊತ್ತಾಗುವುದಿಲ್ಲ, ಉಂಡವರ ಹೊಟ್ಟೆ ತುಂಬುತ್ತದೆ. ಅದೇ ಗವಿಮಠದ ಬೆಟ್ಟದ ಬಂಡೆಯ ಮೇಲೆ, ಪಕ್ಕದ ಪಾಲ್ಕಿಗುಂಡಿನ ಮೇಲೂ, ಅಶೋಕನ ಕಿರುಶಾಸನ ಇದೆ. ಶ್ರಮಿಸಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಹಿರಿದಾದ ಫಲ ಪಡೆಯಬಲ್ಲರು ಎಂಬುದು ಅದರ ಆಶಯ. ಕ್ರಿಸ್ತಪೂರ್ವ 3ನೇ ಶತಮಾನದ ಆ ಮಾತಿನ ಕೆಳಗೇ ಪ್ರತಿವರ್ಷ ಊರೂರ ಹೆಂಗಸರ ರೊಟ್ಟಿ ಬಂದು ರಾಶಿಯಾಗುತ್ತದೆ. ಶಾಸನ ಓದಬಲ್ಲವರು ಬೆರಳೆಣಿಕೆಯ ಮಂದಿ ಇರಬಹುದು, ಅದರ ಮಾತನ್ನು ನಡೆಸಿಕೊಂಡು ಬಂದವರಿಗೆ ಲೆಕ್ಕವಿಲ್ಲ.

ಗಂಗಾವತಿ ಕಡೆ ಹೋದರೆ ನೋಟವೇ ಬದಲು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ವರ್ಷವಾದರೆ ಗದ್ದೆಗಳಲ್ಲಿ ಎರಡನೇ ಬೆಳೆಯ ನಾಟಿ, ಹಿಂದೆಹಿಂದೆಯೇ ಬೆಳ್ಳಕ್ಕಿಗಳು. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಈಗಲೂ ತೇಲುತ್ತದೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿ ಜನ ದಾಟುತ್ತಿದ್ದ ದುಂಡನೆಯ ಬುಟ್ಟಿದೋಣಿಗಳನ್ನು ಕಂಡು, ಅವು ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆಂದು ಬರೆದಿಟ್ಟ. ಚರ್ಮದ ಹೊದಿಕೆ ಹೋಗಿ ಪ್ಲಾಸ್ಟಿಕ್ ಬಂದಿದೆ, ಸುತ್ತುವುದು ಬದಲಾಗಿಲ್ಲ. ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಎದುರು ಚಳಿಗೆ ಕೈಯುಜ್ಜುತ್ತ ನಿಂತು ತಿನ್ನುವ ಮಂಡಾಳ ಒಗ್ಗರಣಿ, ಬಾಣಲಿಯಿಂದ ಆಗತಾನೇ ಇಳಿದ ಮಿರ್ಚಿ, ಇವಕ್ಕೂ ಈ ತಿಂಗಳಲ್ಲೇ ಹೆಚ್ಚಿನ ರುಚಿ.

ಬರುವವರಿಗೆ ಒಂದು ಮಾತು. ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ, ಅಂಜನಾದ್ರಿಯ ಬೆಟ್ಟ, ಕನಕಗಿರಿಯ ಗುಡಿ ಎಲ್ಲವನ್ನೂ ನೋಡಿ. ಅವು ವರ್ಷವಿಡೀ ಇರುತ್ತವೆ. ಪುಷ್ಯದಲ್ಲಿ ಬಂದರೆ ಮಾತ್ರ ಒಂದೇ ದಿನಕ್ಕೆ ತಿರುಗಿ ಹೋಗಬೇಡಿ. ಯಾವುದಾದರೂ ಹಳ್ಳಿಯಲ್ಲಿ ಒಂದು ವಾರವಾದರೂ ಇರಿ, ಹೊಲದವರನ್ನು ಕೇಳಿಕೊಂಡು ಬದುವಿನ ಮೇಲೆ ನಡೆಯಿರಿ. ಅಗಸಿ ನೋಡಬೇಕೆಂದರೆ ಬೆಳಗಿನ ಹತ್ತರೊಳಗೆ ಹೊಲ ಮುಟ್ಟಿ.