ಎರಡು ಕೂರಿಗೆ ಹೊಲ

ರೋಣದ ಹತ್ತಿರ ನಮ್ಮದು ಎರೆಹೊಲ. ಹೋದ ತಿಂಗಳು ಪಾಲು ಮಾಡಲು ಊರಿಗೆ ಹೋಗಿದ್ದೆ. ನನ್ನ ಲೆಕ್ಕ ಸರಳ: 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಇಬ್ಬರಿಗೂ ಸಮ.

ಅಣ್ಣ ಎಕರೆ ಅನ್ನಲೇ ಇಲ್ಲ. "ಒಂದು ಕೂರಿಗಿ ನಿನಗ, ಒಂದು ಕೂರಿಗಿ ನನಗ, ಆತಲ್ಲ ತಮ್ಮಾ?" ಅಂದ. ಕೂರಿಗೆ ಅಂದರೆ ಬಿತ್ತುವ ಸಾಧನ. ಎತ್ತು ಹೂಡಿ ಅದರಿಂದ ಒಂದು ದಿನಕ್ಕೆ ಬಿತ್ತುವಷ್ಟು ನೆಲವೂ ಕೂರಿಗೆಯೇ.

ಪಿಯುಸಿ ಫಿಸಿಕ್ಸ್ ನೆನಪಾಯಿತು. ಮೂಲಮಾನಗಳು ಏಳೇ, ಉಳಿದವೆಲ್ಲ ಅವುಗಳಿಂದ ಹುಟ್ಟಿದ ಸಾಧಿತ ಮಾನಗಳು. ನನ್ನ ಎಕರೆಗೆ ಮೂಲ ಉದ್ದ. ಅಣ್ಣನ ಕೂರಿಗೆಗೆ ಮೂಲ ದುಡಿದ ದಿನ. ತಮಾಷೆ ಅಂದರೆ, 1983ರಿಂದ ಮೀಟರನ್ನೂ ಸಮಯದಿಂದಲೇ ಹೇಳುತ್ತಾರೆ: ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಬೆಳಕು ಸಾಗುವ ದೂರ.

ನಾನು ಬೆಂಗಳೂರಿನಲ್ಲಿ ಟೈಮ್‌ಶೀಟ್ ತುಂಬಿದ 12 ವರ್ಷ ಅಣ್ಣ ಈ ಹೊಲದಲ್ಲಿದ್ದ. ನನ್ನ ಒಂದೊಂದು ತಾಸಿಗೂ ಸಂಬಳ ಬಂತು. ಅವನ ದಿನಗಳು ನನ್ನ ಗುಂಟೆ ಲೆಕ್ಕದಲ್ಲಿ ಎಲ್ಲಿವೆ? ಬೆಳೆ ಅವನೇ ಉಂಡನಲ್ಲ ಅನ್ನಬಹುದು. ಬರವನ್ನೂ ಅವನೇ ಉಂಡ.

ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಸಮಪಾಲು ಅನ್ನುವ ಮೊದಲು ಮೂಲಮಾನ ಯಾವುದು ಅಂತ ನಾನು ತೀರ್ಮಾನಿಸಬೇಕು.